ಬ್ರೇಕಿಂಗ್ ನ್ಯೂಸ್‌ನಲ್ಲಿ ತಪ್ಪು ಮನುಷ್ಯನ ಮುಖ: ಒಂದು ಸಣ್ಣ ಪರೀಕ್ಷೆಯನ್ನೂ ಯಾಕೆ ಮಾಡುವುದಿಲ್ಲ?

ಶರಾವತಿ ದಂಡೆ (ಚರ್ಚೆ ಶುರು ಮಾಡಿದವರು)

ದೊಡ್ಡ ಅಪರಾಧ ನಡೆದ ಮರುದಿನವೇ ಟೀವಿಯಲ್ಲಿ ಒಂದು ಮುಖ ಬರುತ್ತದೆ. ಸುತ್ತ ಕೆಂಪು ಗೆರೆ, ಹಿಂದೆ ಢಂ ಢಂ ಸಂಗೀತ. ಕೆಲವು ಸಲ ವಾರ ಕಳೆದ ಮೇಲೆ ಗೊತ್ತಾಗುತ್ತದೆ, ಅವನಲ್ಲ ಅಂತ. ಯಾಕೆ ಹೀಗೆ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ಅವಸರ, ಟಿಆರ್‌ಪಿ. ಅದು ಸುಳ್ಳಲ್ಲ. ಆದರೆ ನಾನು ಓದಿದ ಹೆಚ್ಚಿನ ಕೇಸುಗಳಲ್ಲಿ ಪರೀಕ್ಷೆ ಮಾಡಲು ಸಮಯ ಇತ್ತು. ಪರೀಕ್ಷೆಯೂ ಸುಲಭದ್ದೇ. ಪೊಲೀಸರೇ ಹೇಳಿದ್ದಾರಲ್ಲ ಅಂತ ಯಾರೂ ಆ ಕಡೆ ಹೋಗಲಿಲ್ಲ, ಅಷ್ಟೆ.

1996ರ ಅಟ್ಲಾಂಟಾ ಒಲಿಂಪಿಕ್ಸ್ ತೆಗೆದುಕೊಳ್ಳಿ. ಜುಲೈ 27, ಮಧ್ಯರಾತ್ರಿ ದಾಟಿದೆ. ಸೆಂಟೆನಿಯಲ್ ಒಲಿಂಪಿಕ್ ಪಾರ್ಕ್‌ನಲ್ಲಿ ಸಂಗೀತ ಕಾರ್ಯಕ್ರಮ. ರಿಚರ್ಡ್ ಜ್ಯುವೆಲ್ ಅನ್ನುವ ಸೆಕ್ಯುರಿಟಿ ಗಾರ್ಡ್ ಬೆಂಚಿನ ಕೆಳಗೆ ಒಂದು ಬ್ಯಾಗ್ ನೋಡಿದರು. ಪೊಲೀಸರಿಗೆ ಹೇಳಿ, ಸುತ್ತ ಇದ್ದವರನ್ನು ದೂರ ಕಳಿಸಲು ಶುರು ಮಾಡಿದರು. ಅಷ್ಟರಲ್ಲಿ ಬಾಂಬ್ ಸಿಡಿಯಿತು. ಒಬ್ಬ ಮಹಿಳೆ ಸತ್ತರು. ದೃಶ್ಯ ಹಿಡಿಯಲು ಓಡಿದ ಟರ್ಕಿಯ ಕ್ಯಾಮೆರಾಮನ್ ಒಬ್ಬರು ಹೃದಯಾಘಾತದಿಂದ ತೀರಿಕೊಂಡರು. ನೂರಕ್ಕೂ ಜಾಸ್ತಿ ಜನರಿಗೆ ಗಾಯ. ಜ್ಯುವೆಲ್ ಜನರನ್ನು ಸರಿಸದೇ ಇದ್ದಿದ್ದರೆ ಸಾವು ಎಷ್ಟಾಗುತ್ತಿತ್ತೋ.

ಮೂರು ದಿನ ಅವರು ಹೀರೋ. ಜುಲೈ 30ಕ್ಕೆ 'ಅಟ್ಲಾಂಟಾ ಜರ್ನಲ್-ಕಾನ್‌ಸ್ಟಿಟ್ಯೂಷನ್' ಪತ್ರಿಕೆ ವಿಶೇಷ ಸಂಚಿಕೆ ತಂದಿತು. ಬಾಂಬ್ ಇಟ್ಟಿದ್ದು ಈ ಹೀರೋನೇ ಇರಬಹುದು ಅಂತ ಎಫ್‌ಬಿಐಗೆ (ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಗೆ) ಶಂಕೆ ಇದೆ ಅನ್ನುವುದು ತಲೆಬರಹ. ಸಿಎನ್‌ಎನ್ ಆ ಸುದ್ದಿಯನ್ನೇ ಎತ್ತಿಕೊಂಡು ಓದಿತು. ಅಲ್ಲಿಂದ 88 ದಿನ ಆ ಮನುಷ್ಯ ಅಮ್ಮನ ಅಪಾರ್ಟ್‌ಮೆಂಟಿನಿಂದ ಹೊರಗೆ ಬರಲು ಆಗಲಿಲ್ಲ. ಬಾಗಿಲ ಮುಂದೆ ಕ್ಯಾಮೆರಾಗಳ ಸಾಲು. ಶೋಧಕ್ಕೆ ಬಂದವರು ಅಮ್ಮನ ಟಪ್ಪರ್‌ವೇರ್ ಡಬ್ಬಿಗಳನ್ನೂ ಹೊತ್ತುಕೊಂಡು ಹೋದರು.

ಈಗ ಪರೀಕ್ಷೆಯ ವಿಷಯ. ಸ್ಫೋಟಕ್ಕೆ ಸುಮಾರು 20 ನಿಮಿಷ ಮೊದಲು ಯಾರೋ ಒಬ್ಬ ಕೆಲವು ಬೀದಿ ಆಚೆಯ ಪೇ ಫೋನ್‌ನಿಂದ ಪೊಲೀಸರಿಗೆ ಫೋನ್ ಮಾಡಿ, ಪಾರ್ಕಿನಲ್ಲಿ ಬಾಂಬ್ ಇದೆ ಅಂದಿದ್ದ. ಅದೇ ಹೊತ್ತಿಗೆ ಜ್ಯುವೆಲ್ ಪಾರ್ಕಿನಲ್ಲಿ ಬ್ಯಾಗಿನ ಪಕ್ಕ ಪೊಲೀಸರ ಜೊತೆ ಇದ್ದರು. ಪಾರ್ಕಿನಿಂದ ಆ ಫೋನ್ ತನಕ ನಡೆದು, ಗಡಿಯಾರ ನೋಡಿದ್ದರೆ ಸಾಕಿತ್ತು. ಒಬ್ಬನೇ ಮನುಷ್ಯ ಎರಡೂ ಕಡೆ ಇರಲು ಸಾಧ್ಯವಿಲ್ಲ. ನಂತರ ಅದನ್ನು ನಡೆದು ನೋಡಿದರು ಕೂಡ. ಆದರೆ ಮುಖ ಪ್ರಪಂಚದ ತುಂಬ ಹೋದ ಮೇಲೆ.

ಅಕ್ಟೋಬರ್ 26ಕ್ಕೆ ಸರ್ಕಾರಿ ವಕೀಲರು ಪತ್ರ ಕೊಟ್ಟರು: ಜ್ಯುವೆಲ್ ಮೇಲೆ ತನಿಖೆ ಇಲ್ಲ. ನಿಜವಾದ ಬಾಂಬರ್ ಎರಿಕ್ ರುಡಾಲ್ಫ್ 2003ರಲ್ಲಿ ಸಿಕ್ಕಿಬಿದ್ದ. ಅಷ್ಟರಲ್ಲಿ ಅವನು ಇನ್ನೂ ಮೂರು ಕಡೆ ಬಾಂಬ್ ಇಟ್ಟಾಗಿತ್ತು. 2005ರಲ್ಲಿ ತಪ್ಪೊಪ್ಪಿಕೊಂಡ. ಜ್ಯುವೆಲ್ 2007ರಲ್ಲಿ ತೀರಿಕೊಂಡರು, ಆಗ ಅವರಿಗೆ 44 ವರ್ಷ.

ನಿಮಗೆ ಗೊತ್ತಿರುವ ಇಂಥ ಕೇಸುಗಳಿದ್ದರೆ ಬರೆಯಿರಿ. ಸುಮ್ನೆ ಮಾಧ್ಯಮಕ್ಕೆ ಬೈಯುವುದು ಬೇಡ. ಎಲ್ಲಿ ತಪ್ಪಿತು, ಏನು ನೋಡಿದ್ದರೆ ತಪ್ಪುತ್ತಿರಲಿಲ್ಲ, ಅದನ್ನು ಹೇಳಿ.

ನಾಲ್ಕನೇ ಬ್ಲಾಕ್

ಒಂದು ತಕರಾರು. ಎಫ್‌ಬಿಐ ಅವರನ್ನು ಶಂಕಿಸಿದ್ದು ನಿಜ ತಾನೆ? ಪತ್ರಿಕೆ ಬರೆದಿದ್ದೂ ಅಷ್ಟೇ. ಹಾಗಾದರೆ ಅದರಲ್ಲಿ ಸುಳ್ಳೇನಿದೆ?

ಶರಾವತಿ ದಂಡೆ

ಸರಿಯಾದ ಪ್ರಶ್ನೆ. ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದ ಕೋರ್ಟ್ ಕೂಡ 2011ರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿತು. ಪ್ರಕಟವಾದ ದಿನಕ್ಕೆ ವರದಿ ಸಾರಾಂಶದಲ್ಲಿ ನಿಜವೇ ಆಗಿತ್ತು ಅಂತ. ಎನ್‌ಬಿಸಿ, ಸಿಎನ್‌ಎನ್ ಕೋರ್ಟಿನ ಹೊರಗೆ ರಾಜಿ ಮಾಡಿಕೊಂಡು ದುಡ್ಡು ಕೊಟ್ಟವು. ಆ ಪತ್ರಿಕೆ ಮಾತ್ರ ಕೊನೆತನಕ ಹೋರಾಡಿ ಗೆದ್ದಿತು.

ನನಗೆ ಇದರಲ್ಲೇ ಭಯ ಕಾಣುವುದು. ಸುದ್ದಿ ನಿಜ, ಮನುಷ್ಯ ಹಾಳು. ಎಫ್‌ಬಿಐ ಯಾಕೆ ಶಂಕಿಸಿತು? ಜ್ಯುವೆಲ್ ಹಿಂದೆ ಕೆಲಸ ಮಾಡಿದ್ದ ಕಾಲೇಜಿನವರು ಫೋನ್ ಮಾಡಿ, ಈತ ಒಂಥರಾ ಮನುಷ್ಯ ಅಂದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಒಬ್ಬ ಪೊಲೀಸನೇ ಬಸ್ಸಿನಲ್ಲಿ ಬಾಂಬ್ ಇಟ್ಟು, ತಾನೇ ಕಂಡುಹಿಡಿದಂತೆ ನಾಟಕ ಮಾಡಿದ್ದ. ಆ ಕಥೆ ಎಲ್ಲರ ತಲೆಯಲ್ಲಿತ್ತು. ಹೀರೋ ಆಗುವ ಆಸೆಯವನು ಹೀಗೆ ಮಾಡುತ್ತಾನೆ ಅನ್ನುವ ಊಹೆ. ಸಾಕ್ಷ್ಯ ಅನ್ನುವಂಥದ್ದು ಒಂದೂ ಇರಲಿಲ್ಲ. 'ಶಂಕೆ ಇದೆ' ಅನ್ನುವುದನ್ನು ಪತ್ರಿಕೆ ಖಚಿತ ಮಾಡಿಕೊಂಡಿತು. ಶಂಕೆಗೆ ಆಧಾರ ಏನು ಅನ್ನುವುದನ್ನು ಕೇಳಲಿಲ್ಲ.

ಹಳೇ ಡೆಸ್ಕ್

ನಾನು ಸುದ್ದಿಮನೆಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವನು. ಯಾವ ಮನೆ ಅನ್ನುವುದು ಬೇಡ. ಒಳಗಿನಿಂದ ಇದು ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ.

ಕ್ರೈಂ ವರದಿಗಾರನ ಬಂಡವಾಳ ಪೊಲೀಸ್ ಠಾಣೆ. ಒಬ್ಬ ಇನ್‌ಸ್ಪೆಕ್ಟರ್ ಫೋನ್ ಎತ್ತದೇ ಹೋದರೆ ಅವನ ಬೀಟೇ ಹೋಯಿತು. ಆದ್ದರಿಂದ ಅವರು ಹೇಳಿದ್ದಕ್ಕೆ ಎದುರು ಪ್ರಶ್ನೆ ಕೇಳುವುದು ಕಷ್ಟ. ಆ ಅಧಿಕಾರಿಯೂ ಹೆಸರು ಹಾಕಬೇಡ ಅಂತಲೇ ಹೇಳಿರುತ್ತಾನೆ. ಸುದ್ದಿ ಸುಳ್ಳಾದರೆ ಅವನಿಗೆ ಏನೂ ಆಗುವುದಿಲ್ಲ. ವರದಿಗಾರನಿಗೂ ಆಗುವುದಿಲ್ಲ, ಪೊಲೀಸರು ಹೇಳಿದ್ದು ಅಂತ ಕೈ ತೊಳೆದುಕೊಳ್ಳಬಹುದು. ಇಬ್ಬರ ನಡುವೆ ಹೊಣೆ ಮಾಯ.

ಫೋಟೊದ ಕಥೆ ಬೇರೆ. ಹೆಸರು ಸಿಕ್ಕ ಕೂಡಲೇ ಡೆಸ್ಕಿನ ಹುಡುಗರು ಫೇಸ್‌ಬುಕ್ಕಿನಲ್ಲಿ ಹುಡುಕುತ್ತಾರೆ. ಅದೇ ಹೆಸರು, ಅದೇ ಊರು, ಸರಿ ಇವನೇ. ನಮ್ಮಲ್ಲಿ ಒಂದೇ ಹೆಸರಿನವರು ಒಂದೇ ಓಣಿಯಲ್ಲಿ ನಾಲ್ಕು ಜನ ಇರುತ್ತಾರೆ ಅನ್ನುವುದು ಆ ಹೊತ್ತಿಗೆ ಯಾರಿಗೂ ನೆನಪಾಗುವುದಿಲ್ಲ. ಫೋಟೊ ಹಾಕುವ ಮುಂಚೆ ಆ ಮನೆಯವರಿಗೆ ಒಂದು ಫೋನ್ ಮಾಡಿ ಅಂದರೆ, ಇನ್ನೊಂದು ಚಾನೆಲ್‌ನಲ್ಲಿ ಆಗಲೇ ಬಂತು ಸಾರ್ ಅನ್ನುತ್ತಾರೆ. ಇನ್ನೊಂದು ಚಾನೆಲ್‌ನವರು ತೆಗೆದುಕೊಂಡಿದ್ದೂ ಅದೇ ಫೇಸ್‌ಬುಕ್ಕಿನಿಂದ.

ಗೋಳಿಬಜೆ

ಮಾರಾಯ್ರೇ, ಜಡ್ಜ್ ಸಾಹೇಬರ ಫೋಟೊನೇ ತಪ್ಪು ಹಾಕಿದ್ದಾರೆ, ನಮ್ಮಂಥವರ ಪಾಡೇನು! ಆ ಕೇಸ್ ಯಾರಿಗಾದರೂ ಪೂರ್ತಿ ಗೊತ್ತಾ?

ಕಪ್ಪು ಕೋಟು

ಗೊತ್ತು. 2008ರ ಸೆಪ್ಟೆಂಬರ್. ಗಾಜಿಯಾಬಾದ್ ಭವಿಷ್ಯ ನಿಧಿ ಹಗರಣದ ಸುದ್ದಿ. ಅದರಲ್ಲಿ ಹೆಸರು ಬಂದಿದ್ದು ನ್ಯಾಯಮೂರ್ತಿ ಪಿ.ಕೆ. ಸಾಮಂತ ಅವರದ್ದು. ಟೈಮ್ಸ್ ನೌ ಅನ್ನುವ ಇಂಗ್ಲಿಷ್ ಚಾನೆಲ್ ತೋರಿಸಿದ್ದು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅವರ ಫೋಟೊ. ಪರದೆ ಮೇಲೆ ಇದ್ದದ್ದು 15 ಸೆಕೆಂಡು. ಸಾವಂತ್ ಅವರು ಭಾರತೀಯ ಪತ್ರಿಕಾ ಮಂಡಳಿಯ ಅಧ್ಯಕ್ಷರೂ ಆಗಿದ್ದವರು! ಪುಣೆಯ ಕೋರ್ಟ್ 2011ರಲ್ಲಿ 100 ಕೋಟಿ ರೂಪಾಯಿ ಪರಿಹಾರ ಕೊಡಿ ಅಂದಿತು. ಮೇಲ್ಮನವಿ ಕೇಳಬೇಕಾದರೆ ಮೊದಲು 20 ಕೋಟಿ ಠೇವಣಿ ಇಡಿ, ಉಳಿದ 80 ಕೋಟಿಗೆ ಬ್ಯಾಂಕ್ ಗ್ಯಾರಂಟಿ ಕೊಡಿ ಅಂತ ಬಾಂಬೆ ಹೈಕೋರ್ಟ್ ಹೇಳಿತು.

100 ಕೋಟಿ ಸರಿಯೇ ಅಂತ ಕೇಳಿದರೆ ನನಗೂ ಅನುಮಾನ. ಅಷ್ಟು ದೊಡ್ಡ ಮೊತ್ತ ಒಳ್ಳೆಯ ಸಣ್ಣ ಪತ್ರಿಕೆಯನ್ನೂ ಮುಚ್ಚಿಸಬಲ್ಲದು. ಅದಕ್ಕಿಂತ ಮುಖ್ಯ, ಸಾವಂತ್ ಅವರಿಗೆ ಕಾನೂನು ಗೊತ್ತಿತ್ತು, ಹೋರಾಡುವ ಶಕ್ತಿ ಇತ್ತು. ದಿನಗೂಲಿಯವನ ಫೋಟೊ ಹಾಕಿದ್ದರೆ ಅವನು ವಕೀಲರ ಆಫೀಸಿನ ಮೆಟ್ಟಿಲು ಹತ್ತುವುದೂ ಕಷ್ಟ.

ಬ್ರಿಸ್ಬೇನ್ ಕನ್ನಡಿಗ

ಶರಾವತಿ ಅವರು ಕೇಳಿದ 'ಸಣ್ಣ ಪರೀಕ್ಷೆ'ಗೆ ನಮ್ಮ ಬೆಂಗಳೂರಿನವರ ಕೇಸೇ ಇದೆ. ಡಾ. ಹನೀಫ್ ಕೇಸ್. ಇಲ್ಲಿ ಆಸ್ಟ್ರೇಲಿಯಾದಲ್ಲಿ ವಕೀಲರು, ಪತ್ರಕರ್ತರು ಈಗಲೂ ಅದರ ಉದಾಹರಣೆ ಕೊಡುತ್ತಾರೆ. ಸ್ವಲ್ಪ ಉದ್ದವಾಗುತ್ತದೆ, ಓದಿ.

2007ರ ಜೂನ್ 30. ಬ್ರಿಟನ್ನಿನ ಗ್ಲಾಸ್ಗೊ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪ್ ನುಗ್ಗಿಸಿದರು. ನುಗ್ಗಿಸಿದವರಲ್ಲಿ ಒಬ್ಬ ಬೆಂಗಳೂರು ಮೂಲದ ಕಫೀಲ್ ಅಹ್ಮದ್. ಅವನೂ ಅವನ ತಮ್ಮನೂ ಹನೀಫ್‌ಗೆ ದೂರದ ಸಂಬಂಧಿಗಳು. ಹನೀಫ್ ಬೆಂಗಳೂರಿನಲ್ಲಿ ಓದಿ, ಬ್ರಿಟನ್ನಿನಲ್ಲಿ ಸ್ವಲ್ಪ ಕಾಲ ಇದ್ದು, ಆಮೇಲೆ ಕ್ವೀನ್ಸ್‌ಲ್ಯಾಂಡಿನ ಗೋಲ್ಡ್ ಕೋಸ್ಟ್ ಆಸ್ಪತ್ರೆಗೆ ಬಂದವರು. ಬ್ರಿಟನ್ ಬಿಡುವಾಗ ತಮ್ಮ ಸಿಮ್ ಕಾರ್ಡನ್ನು ಕಫೀಲ್‌ನ ತಮ್ಮನಿಗೆ ಕೊಟ್ಟಿದ್ದರು. ಪ್ಲಾನಿನಲ್ಲಿ ನಿಮಿಷಗಳು ಉಳಿದಿದ್ದವು, ಅಷ್ಟೇ. ನಾವೆಲ್ಲ ಊರು ಬಿಡುವಾಗ ಹೀಗೆ ಎಷ್ಟೋ ವಸ್ತು ಕೊಟ್ಟು ಬರುತ್ತೇವೆ, ಅಲ್ವಾ?

ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹಿಡಿದರು. ಕೈಯಲ್ಲಿ ಭಾರತಕ್ಕೆ ಒಂದು ಕಡೆಯ ಟಿಕೆಟ್. ಪರಾರಿಯಾಗುತ್ತಿದ್ದ ಅಂತ ಸುದ್ದಿ. ನಿಜ ಏನೆಂದರೆ ಬೆಂಗಳೂರಿನಲ್ಲಿ ಹೆಂಡತಿಗೆ ಕೆಲವೇ ದಿನ ಮುಂಚೆ ಹೆರಿಗೆಯಾಗಿತ್ತು, ಹೆಣ್ಣು ಮಗು. ಹೊರಡುವ ಮೊದಲು ತನ್ನನ್ನು ಕೇಳುತ್ತಿರುವ ಬ್ರಿಟನ್ ಪೊಲೀಸ್ ಅಧಿಕಾರಿಗೆ ಅವರೇ ಮತ್ತೆ ಮತ್ತೆ ಫೋನ್ ಮಾಡಿ ನೋಡಿದ್ದರು. ಆ ಕಡೆ ಎತ್ತಲಿಲ್ಲ. ಓಡಿಹೋಗುವವನು ಪೊಲೀಸರಿಗೆ ಫೋನ್ ಮಾಡುತ್ತಾನಾ?

ಆರೋಪ ಹೊರಿಸದೇ 12 ದಿನ ಇಟ್ಟುಕೊಂಡರು. ಆಮೇಲೆ ಕೋರ್ಟಿನಲ್ಲಿ, ಹನೀಫ್ ಸಿಮ್ ಗ್ಲಾಸ್ಗೊದ ಆ ಜೀಪಿನಲ್ಲೇ ಸಿಕ್ಕಿತು ಅಂತ ಹೇಳಿದರು. ಪತ್ರಿಕೆಗಳಿಗೆ ಇಷ್ಟು ಸಾಕಾಯಿತು. ಗೋಲ್ಡ್ ಕೋಸ್ಟಿನ ಎತ್ತರದ ಕಟ್ಟಡ ಸ್ಫೋಟಿಸುವ ಸಂಚು ಅಂತಲೂ ಒಂದು ಸುದ್ದಿ ಬಂತು. ಅದನ್ನು ಫೆಡರಲ್ ಪೊಲೀಸ್ ಮುಖ್ಯಸ್ಥರೇ ಅಲ್ಲಗಳೆಯಬೇಕಾಯಿತು. ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟರು. ಕೆಲವೇ ಗಂಟೆಯಲ್ಲಿ ವಲಸೆ ಸಚಿವರು ವೀಸಾ ರದ್ದು ಮಾಡಿದರು. ಹೊರಗೆ ಬರುವ ಹಾಗಿಲ್ಲ.

ಇಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿಯ ಒಬ್ಬ ವರದಿಗಾರ ಮಾಡಿದ್ದು ಒಂದೇ ಕೆಲಸ. ಆ ಸಿಮ್ ನಿಜವಾಗಿ ಎಲ್ಲಿ ಸಿಕ್ಕಿತು ಅಂತ ವಿಚಾರಿಸಿದರು. ಅದು ಸಿಕ್ಕಿದ್ದು ಜೀಪಿನಲ್ಲಿ ಅಲ್ಲ, ಲಿವರ್‌ಪೂಲ್‌ನಲ್ಲಿ, ಕಫೀಲ್‌ನ ತಮ್ಮನ ಹತ್ತಿರ. ಗ್ಲಾಸ್ಗೊದಿಂದ 300 ಕಿಲೋಮೀಟರ್‌ಗೂ ಜಾಸ್ತಿ ದೂರ. ಸುದ್ದಿ ಬಂದ ಒಂದು ವಾರಕ್ಕೆ, ಜುಲೈ 27ಕ್ಕೆ, ಆರೋಪ ಕೈಬಿಟ್ಟರು. ಅಷ್ಟರಲ್ಲಿ ಹನೀಫ್ ಅವರ ವಕೀಲ ಸ್ಟೀಫನ್ ಕೀಮ್ ಪೊಲೀಸ್ ವಿಚಾರಣೆಯ ದಾಖಲೆಯನ್ನೇ 'ದಿ ಆಸ್ಟ್ರೇಲಿಯನ್' ಪತ್ರಿಕೆಗೆ ಕೊಟ್ಟಿದ್ದರು. ಹನೀಫ್ ಹೇಳಿದ್ದು ಒಂದು, ಪೊಲೀಸರು ಕೋರ್ಟಿಗೆ ಹೇಳಿದ್ದು ಇನ್ನೊಂದು ಅಂತ ಜನರಿಗೆ ಗೊತ್ತಾಗಿತ್ತು. 2008ರ ಕ್ಲಾರ್ಕ್ ತನಿಖಾ ವರದಿ ಅವರನ್ನು ಪೂರ್ತಿ ನಿರ್ದೋಷಿ ಅಂದಿತು. 2010ರ ಕೊನೆಗೆ ಪರಿಹಾರವೂ ಸಿಕ್ಕಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಅಂತ ನಮ್ಮಮ್ಮ ಇದಕ್ಕೇ ಹೇಳೋದು.

ಒಂದು ಮಾತು. ಮುಳುಗಿಸಿದ್ದೂ ಮಾಧ್ಯಮ, ಎತ್ತಿದ್ದೂ ಮಾಧ್ಯಮ. ಎತ್ತಿದವರು ಮಾಡಿದ್ದು ಏನೂ ಮಹಾ ಪತ್ತೇದಾರಿ ಅಲ್ಲ. ಒಂದು ಊರಿನ ಪೊಲೀಸರು ಹೇಳಿದ್ದನ್ನು ಇನ್ನೊಂದು ಕಡೆ ಕೇಳಿದರು.

ನಾಲ್ಕನೇ ಬ್ಲಾಕ್

ಹನೀಫ್ ಕೇಸ್ ನೆನಪಿದೆ. ಆಗ ನಮ್ಮ ಕನ್ನಡ, ಇಂಗ್ಲಿಷ್ ಚಾನೆಲ್‌ಗಳ ಕ್ಯಾಮೆರಾಗಳು ಬೆಂಗಳೂರಿನ ಅವರ ಮನೆ ಮುಂದೆ ಇದ್ದವು. ಬಿಡುಗಡೆ ಆದಾಗಲೂ ಅಲ್ಲೇ ಇದ್ದವು, ಅದನ್ನೂ ಹೇಳಬೇಕು. ಬಿಡುಗಡೆಯ ಸುದ್ದಿ ದೊಡ್ಡದಾಗಿ ಬಂದ ಅಪರೂಪದ ಕೇಸ್ ಅದು.

ಹಳೇ ಡೆಸ್ಕ್

ಹೌದು, ಅಪರೂಪವೇ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಭಯೋತ್ಪಾದನೆ ಸಂಚು ಅಂತ ಹಲವರನ್ನು ಹಿಡಿದರು. ಅವರಲ್ಲಿ ಒಬ್ಬ ಇಂಗ್ಲಿಷ್ ಪತ್ರಿಕೆಯ ಯುವ ವರದಿಗಾರ. ಡಿಆರ್‌ಡಿಒದಲ್ಲಿ ಕೆಲಸ ಮಾಡುತ್ತಿದ್ದ ಇನ್ನೊಬ್ಬ ಹುಡುಗನೂ ಇದ್ದ. ಆ ವರದಿಗಾರನಿಗೆ ಮಾಸ್ಟರ್‌ಮೈಂಡ್ ಅನ್ನುವ ಪಟ್ಟ ಕೊಟ್ಟರು. ಆರು ತಿಂಗಳ ಮೇಲೆ ಎನ್‌ಐಎ ಚಾರ್ಜ್‌ಶೀಟ್ ಹಾಕಿದಾಗ ಅವನ ಹೆಸರೇ ಇಲ್ಲ. 2013ರ ಫೆಬ್ರುವರಿಯಲ್ಲಿ ಬಿಟ್ಟರು. ಗಮನಿಸಿ, ಅವನು ನಮ್ಮದೇ ಕಸುಬಿನವನು. ಪ್ರೆಸ್ ಕ್ಲಬ್ಬಿನಲ್ಲಿ ಜೊತೆಗೆ ಟೀ ಕುಡಿದವರು ಇದ್ದರು. ಅವನ ಬಗ್ಗೆ ವಿಚಾರಿಸಲು ಯಾರಿಗೂ ದೂರ ಹೋಗಬೇಕಾಗಿರಲಿಲ್ಲ.

ಗುರುಗ್ರಾಮದ ಅಮ್ಮ

ನಾನು ಧಾರವಾಡದವಳು, ಮದುವೆಯಾಗಿ ಈ ಕಡೆ ಬಂದೆ. 2017ರ ಸೆಪ್ಟೆಂಬರ್ ಮರೆಯಲು ಆಗುವುದಿಲ್ಲ. ಇಲ್ಲಿನ ಒಂದು ದೊಡ್ಡ ಶಾಲೆಯ ಶೌಚಾಲಯದಲ್ಲಿ ಎರಡನೇ ತರಗತಿಯ ಏಳು ವರ್ಷದ ಹುಡುಗನನ್ನು ಕೊಂದರು. ಅದೇ ದಿನ ಶಾಲಾ ಬಸ್ಸಿನ ಕಂಡಕ್ಟರನ್ನು ಹಿಡಿದರು. ಅವನು ಕ್ಯಾಮೆರಾ ಮುಂದೆ ತಪ್ಪು ಒಪ್ಪಿಕೊಂಡ. ತಪ್ಪೊಪ್ಪಿಗೆ ಟೀವಿಯಲ್ಲಿ ಬಂದ ಮೇಲೆ ಇನ್ನೇನು? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ನೇಣಿಗೆ ಹಾಕಿ ಅನ್ನುತ್ತಿದ್ದರು.

ಪೊಲೀಸರು ಹೇಳಿದ್ದು, ಚಾಕು ಬಸ್ಸಿನ ಟೂಲ್ ಬಾಕ್ಸಿನಲ್ಲಿತ್ತು ಅಂತ. ಬಸ್ಸಿನ ಡ್ರೈವರ್ ಹೇಳಿದ್ದು, ಅದರಲ್ಲಿ ಚಾಕು ಇರಲೇ ಇಲ್ಲ ಅಂತ. ಡ್ರೈವರ್ ಮಾತಿಗೆ ಟೀವಿ ಪರದೆಯ ಕೆಳಗೆ ಓಡುವ ಪಟ್ಟಿಯಲ್ಲೂ ಜಾಗ ಸಿಗಲಿಲ್ಲ. ಮಗುವಿನ ಅಪ್ಪ ಅಮ್ಮನಿಗೇ ಪೊಲೀಸರ ಕಥೆಯಲ್ಲಿ ನಂಬಿಕೆ ಇರಲಿಲ್ಲ, ಅವರೇ ಸಿಬಿಐ ಬೇಕು ಅಂದರು. ನವೆಂಬರ್‌ನಲ್ಲಿ ಸಿಬಿಐ ಅದೇ ಶಾಲೆಯ ಹನ್ನೊಂದನೇ ತರಗತಿಯ ಹುಡುಗನನ್ನು ವಶಕ್ಕೆ ತೆಗೆದುಕೊಂಡಿತು. ಕಂಡಕ್ಟರ್‌ಗೆ ಜಾಮೀನು ಸಿಕ್ಕಿತು, 2018ರಲ್ಲಿ ಕೇಸಿನಿಂದ ಕೈಬಿಟ್ಟರು. ಹೊಡೆದು ಒಪ್ಪಿಸಿದರು ಅಂತ ಅವನು ಹೇಳಿದ. ಅವನನ್ನು ಸಿಕ್ಕಿಸಿದ ಆರೋಪದ ಮೇಲೆ ಆಮೇಲೆ ಹರಿಯಾಣದ ಪೊಲೀಸ್ ಅಧಿಕಾರಿಗಳ ಮೇಲೇ ಸಿಬಿಐ ಚಾರ್ಜ್‌ಶೀಟ್ ಹಾಕಿತು.

ಪೊಲೀಸ್ ವಶದಲ್ಲಿ ಪೊಲೀಸರಿಗೆ ಹೇಳಿದ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆ ಇಲ್ಲ ಅಂತ ನಮ್ಮ ಪಿಯುಸಿ ಮಕ್ಕಳೂ ಓದುತ್ತಾರೆ. ಟೀವಿಗೆ ಅದೇ ಕೊನೆಯ ತೀರ್ಪು.

ಗೋಳಿಬಜೆ

ನೋಯ್ಡಾ ಮರೆತಿರಾ? 2008ರ ಮೇ. ಆರುಷಿ ಅನ್ನುವ ಹುಡುಗಿ ತನ್ನ ಮನೆಯಲ್ಲೇ ಕೊಲೆಯಾದ ದಿನ ಮನೆಕೆಲಸದ ಹೇಮರಾಜ್ ಕಾಣೆ. ಅವನೇ ಕೊಲೆಗಾರ ಅಂತ ದಿನವಿಡೀ ಸುದ್ದಿ. ಪೊಲೀಸರು ಅವನ ಮೇಲೆ ಬಹುಮಾನ ಘೋಷಿಸಿದರು, ನೇಪಾಳದ ಕಡೆಗೂ ಹುಡುಕಲು ಹೊರಟರು. ಅವನು ಅದೇ ಕಟ್ಟಡದ ಟೆರೇಸಿನ ಮೇಲೆ ಹೆಣವಾಗಿ ಬಿದ್ದಿದ್ದ. ಟೆರೇಸಿನ ಬಾಗಿಲಿಗೆ ಬೀಗ. ಬೀಗ ಒಡೆದಿದ್ದು ಮರುದಿನ! ಮನೆ ತುಂಬ ಪೊಲೀಸರು, ಬೀದಿ ತುಂಬ ಚಾನೆಲ್‌ಗಳ ನೇರಪ್ರಸಾರದ ವ್ಯಾನ್. ಮೇಲೆ ಏನಿದೆ ಅಂತ ಒಬ್ಬರೂ ಕೇಳಲಿಲ್ಲ. ಸತ್ತವನನ್ನು ಒಂದು ದಿನ ಪೂರ್ತಿ ಕೊಲೆಗಾರ ಅಂದರು. ಅವನ ಮನೆಯವರು ಅದನ್ನು ಹೇಗೆ ಕೇಳಿಸಿಕೊಂಡರೋ.

ಶರಾವತಿ ದಂಡೆ

ಇದನ್ನೇ ನಾನು ಹುಡುಕುತ್ತಿದ್ದದ್ದು. ಪೇ ಫೋನ್ ತನಕದ ನಡಿಗೆ, ಸಿಮ್ ಸಿಕ್ಕ ಜಾಗ, ಟೂಲ್ ಬಾಕ್ಸ್, ಟೆರೇಸಿನ ಬಾಗಿಲು. ನಾಲ್ಕಕ್ಕೂ ವಿಶೇಷ ಜ್ಞಾನ ಬೇಕಿರಲಿಲ್ಲ.

ಸುಮ್ನೆ ಓದುವವ

ಎಲ್ಲ ಸರಿ, ಆದರೆ ಟೀವಿಗೆ ಮಾತ್ರ ಯಾಕೆ ಬೈಯುವುದು? 2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ಆದಾಗ ರೆಡಿಟ್ ಅನ್ನುವ ಚರ್ಚಾ ತಾಣದಲ್ಲಿ ನಮ್ಮಂಥ ಜನರೇ ಫೋಟೊ ಜೂಮ್ ಮಾಡಿ 'ಪತ್ತೆ' ಮಾಡಿದರು. ಕಾಣೆಯಾಗಿದ್ದ ಭಾರತ ಮೂಲದ ಒಬ್ಬ ವಿದ್ಯಾರ್ಥಿಯೇ ಬಾಂಬರ್ ಅಂದರು. ಮಗನನ್ನು ಹುಡುಕುತ್ತಿದ್ದ ಮನೆಯವರ ಪುಟಕ್ಕೆ ಬೈಗುಳದ ಮಳೆ. ಆ ಹುಡುಗ ಬಾಂಬ್ ಸ್ಫೋಟಕ್ಕಿಂತ ಮೊದಲೇ ತೀರಿಕೊಂಡಿದ್ದ. ಆಮೇಲೆ ನದಿಯಲ್ಲಿ ದೇಹ ಸಿಕ್ಕಿತು. ಅದೇ ವಾರ 'ನ್ಯೂಯಾರ್ಕ್ ಪೋಸ್ಟ್' ಮುಖಪುಟದಲ್ಲಿ ಬ್ಯಾಗ್ ಹಾಕಿಕೊಂಡ ಇಬ್ಬರು ಹುಡುಗರ ಫೋಟೊ ಹಾಕಿತು. ಇಬ್ಬರಿಗೂ ಬಾಂಬಿಗೂ ಸಂಬಂಧವೇ ಇಲ್ಲ. ಒಬ್ಬ ಇನ್ನೂ ಹೈಸ್ಕೂಲಿನಲ್ಲಿದ್ದ.

ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ 2018ರ ಜುಲೈನಲ್ಲಿ ಆಗಿದ್ದೇನು? ಹೈದರಾಬಾದಿನಿಂದ ಬಂದ ಗೆಳೆಯರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಹೋಯಿತು. ಒಬ್ಬನನ್ನು ಹೊಡೆದು ಕೊಂದರು. ಅಲ್ಲಿ ಯಾವ ಆಂಕರ್ ಇದ್ದ?

ಹಳೇ ಡೆಸ್ಕ್

ಒಪ್ಪಿದೆ. ಆದರೆ ಈಗ ಎರಡೂ ಬೇರೆ ಅಲ್ಲ. 2024ರ ಏಪ್ರಿಲ್‌ನಲ್ಲಿ ಸಿಡ್ನಿಯ ಬಾಂಡೈ ಜಂಕ್ಷನ್ ಮಾಲ್‌ನಲ್ಲಿ ಒಬ್ಬ ಚಾಕುವಿನಿಂದ ಆರು ಜನರನ್ನು ಕೊಂದ. ರಾತ್ರಿಯಿಡೀ ಎಕ್ಸ್‌ನಲ್ಲಿ (ಹಳೇ ಟ್ವಿಟರ್) 20 ವರ್ಷದ ವಿದ್ಯಾರ್ಥಿಯೊಬ್ಬನ ಹೆಸರು ಓಡಿತು. ಬೆಳಿಗ್ಗೆ ಚಾನೆಲ್ ಸೆವೆನ್ ಅದನ್ನೇ ಓದಿತು. ಪೊಲೀಸರು ಹೆಸರು ಹೇಳಿರಲೇ ಇಲ್ಲ. ನಿಜವಾದವನಿಗೆ 40 ವರ್ಷ. ಚಾನೆಲ್ ಕ್ಷಮೆ ಕೇಳಿ, ಆ ಹುಡುಗನ ಜೊತೆ ರಾಜಿ ಮಾಡಿಕೊಂಡಿತು. ಜಾಲತಾಣದ ಗಾಳಿಸುದ್ದಿಗೆ ಮುದ್ರೆ ಒತ್ತುವುದು ಸುದ್ದಿಸಂಸ್ಥೆ. ಮುದ್ರೆ ಬಿದ್ದ ಮೇಲೆ ಅದು ಗಾಳಿಸುದ್ದಿಯಾಗಿ ಉಳಿಯುವುದಿಲ್ಲ.

ನಾಲ್ಕನೇ ಬ್ಲಾಕ್

ಹಾಗಾದರೆ ಕಾನೂನು ಮಾಡಿ, ಚಾರ್ಜ್‌ಶೀಟ್ ತನಕ ಹೆಸರೇ ಹಾಕಬಾರದು ಅಂತ. ಮುಗಿಯಿತು.

ಕಪ್ಪು ಕೋಟು

ಅಷ್ಟು ಸುಲಭ ಅಲ್ಲ. ಬ್ರಿಟನ್ ನೋಡಿ. 2010ರ ಡಿಸೆಂಬರ್‌ನಲ್ಲಿ ಬ್ರಿಸ್ಟಲ್‌ನಲ್ಲಿ ಜೊಆನಾ ಯೇಟ್ಸ್ ಅನ್ನುವ ಯುವತಿಯ ಕೊಲೆ. ಅವಳ ಮನೆ ಮಾಲೀಕ, ನಿವೃತ್ತ ಮೇಷ್ಟ್ರು ಕ್ರಿಸ್ಟೋಫರ್ ಜೆಫ್ರೀಸ್ ಅವರನ್ನು ಪೊಲೀಸರು ಬಂಧಿಸಿದರು. ಒಂಟಿ ಮನುಷ್ಯ, ಕೂದಲು ವಿಚಿತ್ರ, ಕವಿತೆ ಪಾಠ ಮಾಡುತ್ತಿದ್ದರು. ಪತ್ರಿಕೆಗಳಿಗೆ ಕೊಲೆಗಾರ ಅನ್ನಲು ಇಷ್ಟೇ ಸಾಕಾಯಿತು. ಕೊಂದವನು ಪಕ್ಕದ ಫ್ಲ್ಯಾಟಿನ ವಿನ್ಸೆಂಟ್ ಟಬಾಕ್. ಎಂಟು ಪತ್ರಿಕೆಗಳು ಜೆಫ್ರೀಸ್‌ಗೆ ಪರಿಹಾರ ಕೊಟ್ಟವು. ನ್ಯಾಯಾಂಗ ನಿಂದನೆಗೆ 'ಮಿರರ್' ಪತ್ರಿಕೆಗೆ 50,000 ಪೌಂಡ್, 'ಸನ್' ಪತ್ರಿಕೆಗೆ 18,000 ಪೌಂಡ್ ದಂಡ ಬಿತ್ತು. 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಆರೋಪ ಹೊರಿಸುವ ತನಕ ತನಿಖೆಯಲ್ಲಿರುವವನಿಗೆ ಸಾಮಾನ್ಯವಾಗಿ ಖಾಸಗಿತನದ ಹಕ್ಕಿದೆ ಅಂದಿತು.

ಒಳ್ಳೆಯದೇ ಆಯಿತು ಅನ್ನಿಸುತ್ತದೆ ಅಲ್ವಾ? 2024ರ ಜುಲೈ 29ಕ್ಕೆ ಸೌತ್‌ಪೋರ್ಟ್‌ನಲ್ಲಿ ಮೂರು ಪುಟ್ಟ ಹುಡುಗಿಯರ ಕೊಲೆ. ಆರೋಪಿಗೆ 17 ವರ್ಷ, ಕಾನೂನಿನ ಪ್ರಕಾರ ಹೆಸರು ಹೇಳುವ ಹಾಗಿಲ್ಲ. ಆ ಖಾಲಿ ಜಾಗಕ್ಕೆ ಒಂದು ಸುಳ್ಳು ಹೆಸರು ಬಂತು. ದೋಣಿಯಲ್ಲಿ ಬಂದ ಮುಸ್ಲಿಂ ವಲಸಿಗ ಅಂತ ಕಥೆ. ಸುದ್ದಿತಾಣದಂತೆ ಕಾಣುವ ಒಂದು ವೆಬ್‌ಸೈಟ್ ಅದನ್ನು ಹಾಕಿತು. ಹುಡುಗ ಹುಟ್ಟಿದ್ದು ಬ್ರಿಟನ್ನಿನದ್ದೇ ಊರು ಕಾರ್ಡಿಫ್‌ನಲ್ಲಿ. ಆದರೆ ಮರುದಿನವೇ ಮಸೀದಿ ಮುಂದೆ ಗಲಭೆ. ಆಮೇಲೆ ಬೇರೆ ಊರುಗಳಿಗೂ ಹರಡಿತು. ಆಗಸ್ಟ್ 1ಕ್ಕೆ ಜಡ್ಜ್ ಹೆಸರು ಬಹಿರಂಗ ಮಾಡಲು ಅನುಮತಿ ಕೊಟ್ಟರು. ಪೊಲೀಸರು ಬಾಯಿ ಮುಚ್ಚಿಕೊಂಡರೆ ಬೇರೆಯವರು ಬಾಯಿ ತೆರೆಯುತ್ತಾರೆ. ಅದಕ್ಕೇ ನನ್ನ ಮತ ನಿಷೇಧಕ್ಕಿಲ್ಲ. ಪೊಲೀಸರು ಹೆಸರಿರುವ ವಕ್ತಾರರ ಮೂಲಕ, ಬರಹದಲ್ಲಿ ಹೇಳಲಿ. ಕದ್ದು ಹೇಳುವುದು ನಿಲ್ಲಲಿ. 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್, ಪೊಲೀಸರ ಮಾಧ್ಯಮಗೋಷ್ಠಿಗೆ ಮಾರ್ಗಸೂಚಿ ಮಾಡಿ ಅಂತ ಕೇಂದ್ರ ಗೃಹ ಇಲಾಖೆಗೆ ಹೇಳಿದ್ದೂ ಈ ಕಾರಣಕ್ಕೇ.

ಗುರುಗ್ರಾಮದ ಅಮ್ಮ

ಬರಹದಲ್ಲಿ ಹೇಳಿದ್ದಕ್ಕೆ ಒಂದು ಒಳ್ಳೆಯ ಉದಾಹರಣೆ. 2025ರ ಮೇ 7ಕ್ಕೆ ಪೂಂಛ್‌ನಲ್ಲಿ ಪಾಕಿಸ್ತಾನದ ಶೆಲ್ ದಾಳಿಗೆ ಒಬ್ಬ ಮದರಸಾ ಶಿಕ್ಷಕ ಬಲಿಯಾದರು. ಕೆಲವು ರಾಷ್ಟ್ರೀಯ ಚಾನೆಲ್‌ಗಳು ಅವರನ್ನೇ ಭಯೋತ್ಪಾದಕ ಅಂದವು. ಪೂಂಛ್ ಪೊಲೀಸರು ತಾವೇ ಹೇಳಿಕೆ ಕೊಟ್ಟು, ಇದು ಸುಳ್ಳು ಅಂದರು. ನಂತರ ಅಲ್ಲಿನ ಕೋರ್ಟ್ ಎಫ್‌ಐಆರ್ ಹಾಕಲು ಹೇಳಿತು.

ಗೋಳಿಬಜೆ

ಬೆಂಗಳೂರಿನ ರಾಮೇಶ್ವರಂ ಕೆಫೆ ಬಾಂಬ್ ಕೇಸಿನಲ್ಲೂ ಹೀಗೇ. 2024ರ ಏಪ್ರಿಲ್‌ನಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬರನ್ನು ವಿಚಾರಣೆಗೆ ಕರೆದರೆ, ಬಂಧನ ಅಂತ ಸುದ್ದಿಯಾಯಿತು. ರಾಜಕಾರಣಿಗಳೂ ಕುಣಿದರು. ಸಾಕ್ಷಿಗಳ ಗುರುತು ಹೊರಗೆ ಬಂದರೆ ತನಿಖೆಗೆ ತೊಂದರೆ ಅಂತ ಎನ್‌ಐಎ ಹೇಳಿಕೆ ಕೊಡಬೇಕಾಯಿತು.

ಸುಮ್ನೆ ಓದುವವ

ಒಂದು ಪ್ರಾಯೋಗಿಕ ಪ್ರಶ್ನೆ. ನನಗೆ ಗೊತ್ತಿರುವ ಒಬ್ಬರ ಫೋಟೊ ಹೀಗೆ ತಪ್ಪಾಗಿ ಬಂದಿತ್ತು. ಈಗಲೂ ಹೆಸರು ಹಾಕಿ ಹುಡುಕಿದರೆ ಮೊದಲು ಬರುವುದು ಅದೇ ವಿಡಿಯೊ. ಮನೆ ಬಾಡಿಗೆಗೆ ಹೋದರೂ ಕೇಳುತ್ತಾರಂತೆ. ಏನು ಮಾಡಬಹುದು?

ಕಪ್ಪು ಕೋಟು

ಪತ್ರಿಕೆಯಾದರೆ ಮೊದಲು ಸಂಪಾದಕರಿಗೆ ಬರೆಯಬೇಕು, ಆಮೇಲೆ ಪತ್ರಿಕಾ ಮಂಡಳಿಗೆ. ದಿನಪತ್ರಿಕೆ, ವಾರಪತ್ರಿಕೆಗೆ ಎರಡು ತಿಂಗಳ ಗಡುವು. ಮಂಡಳಿಗೆ ದಂಡ ಹಾಕುವ ಅಧಿಕಾರ ಇಲ್ಲ, ಛೀಮಾರಿ ಹಾಕಬಹುದು ಅಷ್ಟೆ. ಟೀವಿಯಾದರೆ ಮೊದಲು ಚಾನೆಲ್‌ಗೇ ದೂರು. 2021ರ ನಿಯಮದ ಪ್ರಕಾರ 15 ದಿನದೊಳಗೆ ಅವರು ತೀರ್ಮಾನ ಹೇಳಬೇಕು. ಒಪ್ಪಿಗೆ ಆಗದಿದ್ದರೆ ಆ ಚಾನೆಲ್ ಸೇರಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ. ಮಾನಹಾನಿ ಕೇಸ್ ಬೇರೆ ದಾರಿ, ಅದಕ್ಕೆ ದುಡ್ಡು ಮತ್ತು ತಾಳ್ಮೆ ಎರಡೂ ಬೇಕು.

ಹಳೇ ವಿಡಿಯೊ ತೆಗೆಸಲು ಹೈಕೋರ್ಟಿಗೆ ಹೋದವರಿದ್ದಾರೆ. ಒಬ್ಬ ಮಹಿಳೆಯ ಹೆಸರು ಇಂಟರ್‌ನೆಟ್ ಹುಡುಕಾಟದಲ್ಲಿ ತನ್ನ ಆದೇಶದ ಜೊತೆ ಕಾಣದಂತೆ ನೋಡಿಕೊಳ್ಳಿ ಅಂತ ನಮ್ಮ ಕರ್ನಾಟಕ ಹೈಕೋರ್ಟೇ 2017ರ ಜನವರಿಯಲ್ಲಿ ಹೇಳಿದೆ. ನಿಮ್ಮ ಪರಿಚಯದವರದ್ದು ಬೇರೆ ಥರದ ಕೇಸ್, ಆದರೂ ಕೇಳಿ ನೋಡಬಹುದು.

ಸುಮ್ನೆ ಓದುವವ

ಚಾನೆಲ್‌ನವರು ಅಂಥ ಸುದ್ದಿ ನಾವು ಹಾಕೇ ಇಲ್ಲ ಅಂದರೆ?

ಕಪ್ಪು ಕೋಟು

ಅನ್ನುತ್ತಾರೆ, ಖಂಡಿತ. ಪ್ರಸಾರ ಮಾಡಿದ್ದನ್ನು 90 ದಿನ ಇಟ್ಟುಕೊಳ್ಳಬೇಕು ಅಂತ ಅವರ ಪರವಾನಗಿಯ ನಿಯಮದಲ್ಲೇ ಇದೆ. ಅಷ್ಟರೊಳಗೆ ಬರೆಯಬೇಕು. ದಿನಾಂಕ, ಸಮಯ, ಸ್ಕ್ರೀನ್‌ಶಾಟ್ ಮೂರೂ ಇರಲಿ. ಯೂಟ್ಯೂಬ್ ವಿಡಿಯೊ ಆದರೆ ದೂರು ಕೊಡುವ ಮುಂಚೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ನೋಟಿಸ್ ಮುಟ್ಟಿದ ಸಂಜೆಯೇ ಅದು ಕಾಣೆಯಾಗುತ್ತದೆ.